ವಾಸ್ಕೋದ ಕಲ್ಲಿದ್ದಲು, ತೋರಣಗಲ್ಲಿನ ಕುಲುಮೆ: ಒಂದೇ ಹಳಿಯ ಎರಡು ತುದಿ

ವಾಸ್ಕೋದ ಮರ್ಮಗೋವಾ ಬಂದರಿಗೆ ಬಂದಿಳಿಯುವ ಕಲ್ಲಿದ್ದಲಿನ ಬಗ್ಗೆ ಗೋವಾದಲ್ಲಿ ತಕರಾರು ಶುರುವಾಗಿ ಬಹಳ ವರ್ಷಗಳಾದವು. 2017ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಬಂದರು ವಿಸ್ತರಣೆಯ ಸಾರ್ವಜನಿಕ ಅಹವಾಲು ಸಭೆ ವಾಸ್ಕೋದಲ್ಲಿ ದಿನಗಟ್ಟಲೆ ನಡೆಯಿತು. 2020ರ ನವೆಂಬರ್ 1ರ ರಾತ್ರಿ ಚಾಂದೋರ್‌ನಲ್ಲಿ ಜನ ದೊಡ್ಡ ಸಂಖ್ಯೆಯಲ್ಲಿ ರೈಲು ಹಳಿಯ ಬಳಿ ಸೇರಿ, ಜೋಡಿ ಹಳಿ ಹಾಕುವುದು ಕಲ್ಲಿದ್ದಲು ಸಾಗಿಸಲೆಂದೇ ಎಂದು ಆ ಕೆಲಸವನ್ನು ವಿರೋಧಿಸಿ ಕೂತರು. ‘ಗೋಯಾಂತ್ ಕೊಳಸೊ ನಾಕಾ’ (ಗೋವಾದಲ್ಲಿ ಕಲ್ಲಿದ್ದಲು ಬೇಡ) ಎಂಬ ಕೊಂಕಣಿ ಘೋಷಣೆ ಈಗ ಇಲ್ಲಿನ ಕನ್ನಡಿಗರ ಮಕ್ಕಳಿಗೂ ಬಾಯಿಪಾಠ. 2022ರ ಮೇ 9ರಂದು ಸುಪ್ರೀಂ ಕೋರ್ಟ್ ಕ್ಯಾಸಲ್‌ರಾಕ್ ಮತ್ತು ಕುಳೆಂ ನಡುವೆ ಜೋಡಿ ಹಳಿಗೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಕೊಟ್ಟಿದ್ದ ಒಪ್ಪಿಗೆಯನ್ನು ರದ್ದು ಮಾಡಿತು. ಜೀವವೈವಿಧ್ಯದ ಮೇಲಾಗುವ ಪರಿಣಾಮವನ್ನು ಸರಿಯಾಗಿ ಅಧ್ಯಯನ ಮಾಡಿ ಹೊಸ ಪ್ರಸ್ತಾವ ತರಲು ಬಾಗಿಲು ತೆರೆದಿಟ್ಟಿತು. ಇಷ್ಟೆಲ್ಲ ಆದರೂ ಕಲ್ಲಿದ್ದಲಿನ ಹಡಗು ಬರುವುದು ನಿಂತಿಲ್ಲ, ಅದನ್ನು ತುಂಬಿದ ಗೂಡ್ಸ್ ರೈಲು, ಅಂದರೆ ರೇಕ್, ಹೊರಡುವುದೂ ನಿಂತಿಲ್ಲ.

ಈ ಜಗಳದಲ್ಲಿ ನಾವು ಕನ್ನಡಿಗರು ಎರಡೂ ತುದಿಯಲ್ಲಿದ್ದೇವೆ. ವಾಸ್ಕೋ ಸುತ್ತಲಿನ ಬೈನಾ, ಸಡಾ, ಮಾಂಗೋರ್ ಹಿಲ್, ಜುವಾರಿನಗರಗಳಲ್ಲಿ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದಿಂದ ಬಂದು ನೆಲೆಸಿದ ಕುಟುಂಬಗಳು ಸಾಕಷ್ಟಿವೆ. ಗಾಳಿಯಲ್ಲಿ ಕಲ್ಲಿದ್ದಲಿನ ಪುಡಿ ಹಾರಿದಾಗ ಅದು ಬಂದು ಕೂರುವುದು ಅವರ ಶೀಟಿನ ಮನೆಗಳ ಮೇಲೂ ಹೌದು. ಅದೇ ಕಲ್ಲಿದ್ದಲು ಘಟ್ಟ ಹತ್ತಿ, ಲೋಂಡಾ, ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆ ದಾಟಿ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗುತ್ತದೆ. ಅಲ್ಲಿ ಅದನ್ನು ನಂಬಿಕೊಂಡು ಸಾವಿರಾರು ಮನೆಗಳ ಒಲೆ ಉರಿಯುತ್ತಿದೆ. ದೀಪಾವಳಿಗೆ ಊರಿಗೆ ಹೊರಟವರ ರೈಲು ಕುಳೆಂನಲ್ಲಿ ನಿಂತಾಗ ಪಕ್ಕದ ಹಳಿಯಲ್ಲಿ ಕಾಣುವ ಕರಿ ವ್ಯಾಗನ್‌ಗಳ ಸಾಲು ನಮ್ಮ ದಾರಿಯಲ್ಲೇ ಹೊರಟಿರುತ್ತದೆ. ಕುಳೆಂನಿಂದ ಕ್ಯಾಸಲ್‌ರಾಕ್‌ವರೆಗಿನ ಏರು 37 ಅಡಿ ದೂರಕ್ಕೆ ಒಂದು ಅಡಿ ಎತ್ತರದಷ್ಟು ಕಡಿದು. ಹಾಗಾಗಿ ಗೂಡ್ಸ್ ರೈಲಿಗೆ ಹಿಂದಿನಿಂದ ತಳ್ಳುವ ಬ್ಯಾಂಕರ್ ಎಂಜಿನ್‌ಗಳನ್ನು ಇಲ್ಲಿ ಜೋಡಿಸುತ್ತಾರೆ. ದೂಧಸಾಗರ ಜಲಪಾತದ ಪಕ್ಕದಲ್ಲಿ ಏದುಸಿರು ಬಿಡುತ್ತಾ ಸಾಗುವ ಆ ಭಾರ ಯಾವುದಕ್ಕಾಗಿ ಎಂಬುದನ್ನು ಬಿಡಿಸಿ ಹೇಳದೆ ಬಂದರಿನ ಜಗಳ ಅರ್ಥವಾಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಳೆದ ರಾಜ್ಯೋತ್ಸವದ ಸಮಾರಂಭದಲ್ಲಿ ಐಟಿಐ ಓದುತ್ತಿರುವ ಹುಡುಗನೊಬ್ಬ ಕೇಳಿದ: “ಸರ್, ಎಲ್ಲೆಲ್ಲೂ ಸೋಲಾರ್ ಬರುತ್ತಿದೆ, ವಿಂಡ್ ಬರುತ್ತಿದೆ. ಕರೆಂಟಿಗೆ ಇನ್ನು ಕಲ್ಲಿದ್ದಲು ಬೇಡವಲ್ಲ, ಮತ್ತೆ ಇಲ್ಲಿ ಯಾಕೆ ಇಳಿಸುತ್ತಾರೆ?” ಬಹಳ ಒಳ್ಳೆಯ ಪ್ರಶ್ನೆ. ಗೋವಾದ ಚರ್ಚೆಯಲ್ಲಿ ಓದಿಕೊಂಡವರೂ ಇಲ್ಲೇ ಎಡವುತ್ತಾರೆ. ಇಲ್ಲಿ ಇಳಿಯುವ ಕಲ್ಲಿದ್ದಲಿನ ದೊಡ್ಡ ಪಾಲು ವಿದ್ಯುತ್ ಸ್ಥಾವರಕ್ಕೆ ಹೋಗುವುದಲ್ಲ. ಅದು ಉಕ್ಕಿನ ಕಾರ್ಖಾನೆಗೆ ಹೋಗುವ ಕೋಕಿಂಗ್ ಕಲ್ಲಿದ್ದಲು. ಅಲ್ಲಿ ಅದು ಬೆಂಕಿಗೆ ಉರುವಲಾಗುವುದರ ಜೊತೆಗೆ ಅದಿರಿನ ಜೊತೆ ರಾಸಾಯನಿಕ ಕ್ರಿಯೆಯಲ್ಲಿ ತೊಡಗುವ ಕಚ್ಚಾವಸ್ತು ಕೂಡ. ಈ ಎರಡನೆಯ ಕೆಲಸವನ್ನು ಯಾವ ಸೌರಫಲಕವೂ ನೇರವಾಗಿ ಮಾಡಲಾರದು.

ಲೆಕ್ಕ ಸರಳವಾಗಿದೆ. ಬಳ್ಳಾರಿಯಲ್ಲಾಗಲಿ ಗೋವಾದ ಬಿಚೋಲಿಯಲ್ಲಾಗಲಿ ಸಿಗುವ ಹೆಮಟೈಟ್ ಅದಿರು ಎಂದರೆ ಕಬ್ಬಿಣ ಮತ್ತು ಆಮ್ಲಜನಕ ಕೂಡಿಕೊಂಡ ವಸ್ತು. ಮಣ್ಣು, ಸಿಲಿಕಾ ಏನೂ ಬೆರೆಯದ ಶುದ್ಧ ಹೆಮಟೈಟ್‌ನಲ್ಲಿ ತೂಕದ ಲೆಕ್ಕಕ್ಕೆ ನೂರರಲ್ಲಿ 70 ಪಾಲು ಕಬ್ಬಿಣ, 30 ಪಾಲು ಆಮ್ಲಜನಕ. ಅಂದರೆ ಒಂದು ಟನ್ ಕಬ್ಬಿಣ ಬೇಕಿದ್ದರೆ ಅದರಿಂದ ಸುಮಾರು 430 ಕಿಲೋ ಆಮ್ಲಜನಕವನ್ನು ಕಿತ್ತು ಹಾಕಬೇಕು. ಬರೀ ಬಿಸಿ ಮಾಡಿದರೆ ಅದು ಬಿಟ್ಟು ಹೋಗುವುದಿಲ್ಲ. ಬಿಸಿಯ ಜೊತೆಗೆ, ಕಬ್ಬಿಣಕ್ಕಿಂತ ಹೆಚ್ಚು ಆಸೆಯಿಂದ ಆಮ್ಲಜನಕವನ್ನು ಅಪ್ಪಿಕೊಳ್ಳುವ ಇನ್ನೊಂದು ವಸ್ತು ಹತ್ತಿರದಲ್ಲಿರಬೇಕು. ಸಾವಿರಾರು ವರ್ಷಗಳಿಂದ ಮನುಷ್ಯ ಈ ಕೆಲಸಕ್ಕೆ ಬಳಸಿದ್ದು ಇಂಗಾಲವನ್ನು. ಮೊದಲು ಇದ್ದಿಲಾಗಿ, ಆಮೇಲೆ ಕೋಕ್ ಆಗಿ. ಶಾಲೆಯ ರಸಾಯನಶಾಸ್ತ್ರದ ಪುಸ್ತಕ ಇದನ್ನೇ ಅಪಕರ್ಷಣ ಎನ್ನುತ್ತದೆ.

ಆ 430 ಕಿಲೋ ಆಮ್ಲಜನಕವೆಲ್ಲ ಇಂಗಾಲದ ಡೈಆಕ್ಸೈಡ್ ಆಗಿ ಹೊರಟಿತೆಂದರೆ ಸುಮಾರು 160 ಕಿಲೋ ಇಂಗಾಲ ಸಾಕು. ಎಲ್ಲವೂ ಮೊನಾಕ್ಸೈಡ್ ರೂಪದಲ್ಲಿ ಹೊರಟರೆ 320 ಕಿಲೋ ಬೇಕು. ನಿಜವಾದ ಕುಲುಮೆ ಈ ಎರಡರ ನಡುವೆ ಇರುತ್ತದೆ, ಯಾಕೆಂದರೆ ಕೊನೆಯ ಹಂತದಲ್ಲಿ ಉಳಿದ ಆಮ್ಲಜನಕವನ್ನು ಬಿಡಿಸಲು ಮೊನಾಕ್ಸೈಡ್ ಅಗತ್ಯಕ್ಕಿಂತ ಹೆಚ್ಚಿರಲೇಬೇಕು. ಇದರ ಮೇಲೆ ಎಲ್ಲವನ್ನೂ ಕರಗಿಸುವ ಬಿಸಿಗೆ ಬೇಕಾದ ಇಂಗಾಲ ಬೇರೆ. ಕಬ್ಬಿಣವೇ ತನ್ನೊಳಗೆ ಹೀರಿಕೊಳ್ಳುವ ನೂರಕ್ಕೆ ನಾಲ್ಕರಷ್ಟು ಇಂಗಾಲ ಬೇರೆ. ಎಲ್ಲ ಸೇರಿ ಒಂದು ಟನ್ ಉಕ್ಕಿಗೆ ಮುಕ್ಕಾಲು ಟನ್‌ಗೂ ತುಸು ಹೆಚ್ಚು ಕಲ್ಲಿದ್ದಲು ಎಂಬುದು ಬಿಸಿಗಾಳಿ ಊದಿ ಅದಿರು ಕರಗಿಸುವ ಊದುಕುಲುಮೆಯ ದಾರಿಯ ಸ್ಥೂಲ ಲೆಕ್ಕ. ಇದೇ ದಾರಿಯಲ್ಲಿ ಟನ್ ಉಕ್ಕಿಗೆ ಎರಡು ಟನ್‌ಗೂ ಮಿಕ್ಕಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ.

ಈಗ ಇದನ್ನು ಹಳಿಯ ಮೇಲಿಟ್ಟು ನೋಡಿ. ವರ್ಷಕ್ಕೆ ಒಂದು ಕೋಟಿ ಟನ್ ಉಕ್ಕು ಮಾಡುವ ಕಾರ್ಖಾನೆಗೆ 75 ಲಕ್ಷ ಟನ್ ಕಲ್ಲಿದ್ದಲು ಬೇಕು. ಒಂದು ರೇಕ್‌ನಲ್ಲಿ ಮೂರೂವರೆಯಿಂದ ನಾಲ್ಕು ಸಾವಿರ ಟನ್ ಹಿಡಿಯುತ್ತದೆ ಎಂದುಕೊಂಡರೆ ದಿನಕ್ಕೆ ಐದಾರು ರೇಕ್, ವರ್ಷವಿಡೀ, ಹಬ್ಬ ಮಳೆ ಎನ್ನದೆ ಓಡಬೇಕು. ತೋರಣಗಲ್ಲಿನ ಸಾಮರ್ಥ್ಯ ಒಂದು ಕೋಟಿ ಟನ್ನನ್ನು ಎಂದೋ ದಾಟಿದೆ. ಪೂರ್ವ ಕರಾವಳಿಯ ಬಂದರುಗಳಿಂದಲೂ ಅಲ್ಲಿಗೆ ಕಲ್ಲಿದ್ದಲು ಹೋಗುತ್ತದೆ, ಎಲ್ಲ ಭಾರವೂ ಗೋವಾದ ಮೇಲಿಲ್ಲ. ಆದರೆ ಪಶ್ಚಿಮದಿಂದ ಬಳ್ಳಾರಿಗೆ ರೈಲಿನ ನೇರ ದಾರಿ ಎಂದರೆ 19ನೇ ಶತಮಾನದ ಕೊನೆಯಲ್ಲಿ ಪೋರ್ಚುಗೀಸರ ಕಾಲದಲ್ಲಿ ಹಾಕಿದ ಈ ಘಟ್ಟದ ಹಳಿಯೇ. ಜೋಡಿ ಹಳಿಯ ಒತ್ತಡ ಯಾಕೆ ಇಷ್ಟೊಂದು ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಹಾಗಾದರೆ ಕಲ್ಲಿದ್ದಲು ನಮ್ಮ ದೇಶದಲ್ಲೇ ಇಲ್ಲವೇ? ಧಾರಾಳವಾಗಿದೆ. ಉಕ್ಕಿಗೆ ಬೇಕಾದ ಗುಣದ್ದು ಸಾಲದು. ಕೋಕ್ ಎಂಬುದು ಕಲ್ಲಿದ್ದಲನ್ನು ಗಾಳಿ ತಾಗದಂತೆ ಸಾವಿರ ಡಿಗ್ರಿ ಸೆಲ್ಸಿಯಸ್ ದಾಟಿಸಿ ಗಂಟೆಗಟ್ಟಲೆ ಬೇಯಿಸಿದಾಗ ಸಿಗುವ ಗಟ್ಟಿ, ತೂತುತೂತಾದ ಇಂಗಾಲ. ಎಲ್ಲ ಕಲ್ಲಿದ್ದಲೂ ಹೀಗಾಗುವುದಿಲ್ಲ. ಕಾವು ಏರುವಾಗ ಮೆತ್ತಗಾಗಿ, ಕಣಕ್ಕೆ ಕಣ ಅಂಟಿ, ಮತ್ತೆ ಗಟ್ಟಿಯಾಗುವ ಜಾತಿಯದು ಮಾತ್ರ ಕೋಕ್ ಆಗುತ್ತದೆ. ಜಾರ್ಖಂಡ್‌ನ ಝರಿಯಾದಲ್ಲಿ ಇಂಥ ಕಲ್ಲಿದ್ದಲು ಇದೆ, ಆದರೆ ಅದರಲ್ಲಿ ಬೂದಿ ವಿಪರೀತ. ಬೂದಿ ಹೆಚ್ಚಿದಷ್ಟೂ ಅದನ್ನು ಕರಗಿಸಿ ಕಿಟ್ಟವಾಗಿ ಹೊರಹಾಕಲು ಮತ್ತಷ್ಟು ಸುಣ್ಣದ ಕಲ್ಲು, ಮತ್ತಷ್ಟು ಕೋಕ್ ಬೇಕು. ಅದಕ್ಕೇ ಭಾರತ ತನಗೆ ಬೇಕಾದ ಕೋಕಿಂಗ್ ಕಲ್ಲಿದ್ದಲಿನಲ್ಲಿ ಸುಮಾರು ಶೇ 85ರಷ್ಟನ್ನು ಆಮದು ಮಾಡಿಕೊಳ್ಳುತ್ತದೆ, ಅದರಲ್ಲೂ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಿಂದ. ಕಬ್ಬಿಣದ ಅದಿರು ನಮ್ಮದು, ಅದನ್ನು ಕಬ್ಬಿಣ ಮಾಡುವ ಇಂಗಾಲ ಪರರದು. ಸ್ವಾವಲಂಬನೆಯ ಮಾತು ಬಂದಾಗ ಈ ಸಂಗತಿಯನ್ನು ನೆನಪಿಸುವವರು ಕಡಿಮೆ.

ಊದುಕುಲುಮೆಯ ಒಳಗೆ ಒಮ್ಮೆ ಇಣುಕೋಣ. ಕಾರ್ಖಾನೆಯವರು ಬ್ಲಾಸ್ಟ್ ಫರ್ನೇಸ್ ಎಂದೇ ಕರೆಯುವ ಇದು ಹತ್ತು ಅಂತಸ್ತಿನ ಕಟ್ಟಡದಷ್ಟು ಎತ್ತರದ ಉಕ್ಕಿನ ಗೋಪುರ. ಒಳಗೆ ಬೆಂಕಿಗೆ ಜಗ್ಗದ ಇಟ್ಟಿಗೆಯ ಹೊದಿಕೆ. ಮೇಲಿನಿಂದ ಅದಿರು, ಕೋಕ್, ಸುಣ್ಣದ ಕಲ್ಲನ್ನು ಪದರ ಪದರವಾಗಿ ಸುರಿಯುತ್ತಾರೆ. ಕೆಳಗಿನಿಂದ ಸಾವಿರ ಡಿಗ್ರಿಗೂ ಹೆಚ್ಚು ಕಾಯಿಸಿದ ಗಾಳಿಯನ್ನು ಸುತ್ತಲಿನ ನಳಿಕೆಗಳಿಂದ ಊದುತ್ತಾರೆ. ನಳಿಕೆಯ ಬಾಯಲ್ಲಿ ಕೋಕ್ ಉರಿಯುವಾಗ ಉಷ್ಣತೆ 2000 ಡಿಗ್ರಿ ದಾಟುತ್ತದೆ. ಅಲ್ಲಿ ಹುಟ್ಟಿದ ಮೊನಾಕ್ಸೈಡ್ ಅನಿಲ ಕೆಲವೇ ಸೆಕೆಂಡುಗಳಲ್ಲಿ ಗೋಪುರದ ತುದಿಗೆ ಏರುತ್ತದೆ; ಏರುವ ದಾರಿಯಲ್ಲಿ ಇಳಿದುಬರುವ ಅದಿರಿನಿಂದ ಹಂತಹಂತವಾಗಿ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಅದಿರು ಇಳಿಯುವುದಕ್ಕೆ ಮಾತ್ರ ಗಂಟೆಗಳು ಬೇಕು. ಕೆಳಗೆ ತಳದಲ್ಲಿ 1500 ಡಿಗ್ರಿ ಆಸುಪಾಸಿನ ದ್ರವ ಕಬ್ಬಿಣ, ಅದರ ಮೇಲೆ ತೇಲುವ ಕಿಟ್ಟ. ನಿಗದಿತ ಹೊತ್ತಿಗೆ ಜೇಡಿಮಣ್ಣಿನ ಬಿರಡೆಯನ್ನು ಕೊರೆದು ತೂತು ಮಾಡಿದರೆ ಬಿಳಿ ಕಿತ್ತಳೆ ಬಣ್ಣದ ಕಬ್ಬಿಣ ಕಾಲುವೆಗೆ ಹರಿಯುತ್ತದೆ. ಅದರಿಂದ ಹಾರುವ ಕಿಡಿ ನಕ್ಷತ್ರದ ಹಾಗೆ ಕವಲೊಡೆಯುತ್ತದೆ, ಒಳಗಿನ ಇಂಗಾಲ ಉರಿಯುವುದರಿಂದ.

ಈ ಗೋಪುರದಲ್ಲಿ ಕೋಕ್‌ಗೆ ಮೂರನೆಯ ಕೆಲಸವೂ ಇದೆ, ಇದನ್ನು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಮೇಲಿನ ಸಾವಿರಾರು ಟನ್ ಭಾರವನ್ನು ಹೊತ್ತು ನಿಲ್ಲಬೇಕು. ಅದಿರು ಮೆತ್ತಗಾಗಿ ಕರಗುವ ವಲಯದಲ್ಲಿ ಘನರೂಪದಲ್ಲಿ ಉಳಿಯುವುದು ಕೋಕ್ ಒಂದೇ. ಅದರ ಸಂದುಗಳಲ್ಲೇ ಅನಿಲ ಮೇಲೇರಬೇಕು, ಕಬ್ಬಿಣ ಕೆಳಗಿಳಿಯಬೇಕು. ಕೋಕ್ ಪುಡಿಯಾದರೆ ಕುಲುಮೆ ಉಸಿರುಕಟ್ಟುತ್ತದೆ. 1709ರಲ್ಲಿ ಇಂಗ್ಲೆಂಡಿನ ಕೋಲ್‌ಬ್ರೂಕ್‌ಡೇಲ್‌ನಲ್ಲಿ ಏಬ್ರಹಾಂ ಡಾರ್ಬಿ ಇದ್ದಿಲಿನ ಬದಲು ಕೋಕ್ ಬಳಸಿ ಗೆದ್ದ ಮೇಲೆ ಕುಲುಮೆಗಳು ಬರಬರುತ್ತಾ ಎತ್ತರವಾದದ್ದು ಈ ಬಲದಿಂದಲೇ. ಇದ್ದಿಲು ಅಷ್ಟು ಭಾರ ತಡೆಯದು.

ಇದ್ದಿಲಿನ ಮಿತಿ ಏನೆಂದು ಕರ್ನಾಟಕಕ್ಕೆ ಚೆನ್ನಾಗಿ ಗೊತ್ತು. ವಿಶ್ವೇಶ್ವರಯ್ಯನವರ ಕನಸಾದ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಕಬ್ಬಿಣ ತೆಗೆಯಲು ಶುರು ಮಾಡಿದ್ದು ಇದ್ದಿಲಿನ ಊದುಕುಲುಮೆಯಲ್ಲಿ. ಅದಿರು ಕೆಮ್ಮಣ್ಣುಗುಂಡಿಯದು, ಇದ್ದಿಲಿಗೆ ಸೌದೆ ಮಲೆನಾಡಿನ ಕಾಡಿನದು. ಹತ್ತಿರದಲ್ಲಿ ಕಲ್ಲಿದ್ದಲೇ ಇಲ್ಲದ ಸಂಸ್ಥಾನಕ್ಕೆ ಅದೇ ಉಳಿದ ದಾರಿ. ಅದಕ್ಕೆ ತೆತ್ತ ಬೆಲೆ ಕಾಡು. ಜೋಗದಿಂದ ವಿದ್ಯುತ್ ಬಂದ ಮೇಲೆ 1950ರ ದಶಕದಲ್ಲಿ ಅಲ್ಲಿ ವಿದ್ಯುತ್ ಕುಲುಮೆಗಳಲ್ಲಿ ಬೀಡು ಕಬ್ಬಿಣ ತೆಗೆದರು. ಎಪ್ಪತ್ತು ವರ್ಷಗಳ ಹಿಂದಿನ ಆ ಪ್ರಯೋಗವನ್ನು ಇಂದಿನ ಚರ್ಚೆಗೆ ಎಳೆದು ತರಬೇಕೆಂದು ನನಗೆ ಬಲವಾಗಿ ಅನಿಸುತ್ತದೆ. ಯಾಕೆಂದರೆ ಭದ್ರಾವತಿಯ ವಿದ್ಯುತ್ ಕುಲುಮೆ ಬಿಸಿಗೆಂದು ಸುಡುವ ಇಂಗಾಲವನ್ನು ಉಳಿಸಿತು. ಅದಿರಿನ ಆಮ್ಲಜನಕ ಕಳೆಯುವ ಇಂಗಾಲವನ್ನು ಆಗಲೂ ಹಾಕಲೇಬೇಕಾಯಿತು. ಜಲವಿದ್ಯುತ್ತಿನಲ್ಲಿ ಓಡಿದರೂ ಆ ಕುಲುಮೆಗೆ ಅರ್ಧ ಕೆಲಸವನ್ನಷ್ಟೇ ವಿದ್ಯುತ್ತಿಗೆ ವಹಿಸಲು ಸಾಧ್ಯವಾಯಿತು. ಆ ಐಟಿಐ ಹುಡುಗನ ಪ್ರಶ್ನೆಗೆ ನಾನು ಕೊಟ್ಟ ಉತ್ತರವೂ ಇದೇ.

ಉಳಿದರ್ಧಕ್ಕೆ ಈಗ ಜಗತ್ತು ನೋಡುತ್ತಿರುವುದು ಹೈಡ್ರೋಜನ್ ಕಡೆಗೆ. ಇಂಗಾಲದ ಹಾಗೆಯೇ ಹೈಡ್ರೋಜನ್ ಕೂಡ ಬಿಸಿ ಅದಿರಿನಿಂದ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಹೊರಬರುವುದು ನೀರಾವಿ, ಅಷ್ಟೇ. ಅದಿರು ಕರಗದೆ, ಗಟ್ಟಿಯಾಗಿ ಇರುವಾಗಲೇ ಆಮ್ಲಜನಕ ಕಳೆದುಕೊಂಡು ಸ್ಪಾಂಜ್ ಐರನ್ ಆಗುತ್ತದೆ. ಅದನ್ನು ಆಮೇಲೆ ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ಉಕ್ಕು ಮಾಡುತ್ತಾರೆ. ಸ್ವೀಡನ್ನಿನ ಲೂಲಿಯೋದ ಪ್ರಾಯೋಗಿಕ ಘಟಕ 2021ರಲ್ಲಿ ಇದನ್ನು ಮಾಡಿ ತೋರಿಸಿತು. ಸ್ಪಾಂಜ್ ಐರನ್ ನಮಗೆ ಹೊಸದಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ತಯಾರಿಸುವ ದೇಶ ಭಾರತವೇ. ಆದರೆ ನಮ್ಮದು ಬಹುಪಾಲು ಕಲ್ಲಿದ್ದಲನ್ನೇ ಬೆರೆಸಿ ಉರುಳುವ ಉದ್ದನೆಯ ಗೂಡುಗಳಲ್ಲಿ ಸುಡುವಂಥದ್ದು. ಬಳ್ಳಾರಿ, ಕೊಪ್ಪಳದ ಸಣ್ಣ ಘಟಕಗಳ ಹೊಗೆ ಕಂಡವರಿಗೆ ಅದರ ರುಚಿ ಗೊತ್ತು. ಮುಂಬೈ ಪಕ್ಕದ ರಾಯಗಡ ಜಿಲ್ಲೆಯ ಡೋಲ್ವಿಯಲ್ಲಿ ನೈಸರ್ಗಿಕ ಅನಿಲ ಬಳಸಿ ಸ್ಪಾಂಜ್ ಐರನ್ ಮಾಡುವ ಘಟಕವಿದೆ. ಅಂಥ ಯಂತ್ರಕ್ಕೆ ಮುಂದೆ ಹೈಡ್ರೋಜನ್ ಕೂಡಿಸುವುದು ಊದುಕುಲುಮೆಗೆ ಕೂಡಿಸುವುದಕ್ಕಿಂತ ಬಹಳ ಸುಲಭ.

ಊದುಕುಲುಮೆಗೇ ಹೈಡ್ರೋಜನ್ ಊದಬಾರದೇ? 2023ರ ಏಪ್ರಿಲ್‌ನಲ್ಲಿ ಜಮ್ಶೆಡ್‌ಪುರದ ಒಂದು ಕುಲುಮೆಯಲ್ಲಿ ಆ ಪರೀಕ್ಷೆಯೂ ನಡೆಯಿತು. ಇದರಿಂದ ಕಲ್ಲಿದ್ದಲಿನ ಬಳಕೆ ಒಂದಿಷ್ಟು ಇಳಿಯುವುದು ನಿಜ, ನಿಲ್ಲುವುದಿಲ್ಲ. ಭಾರ ಹೊರುವ ಕೋಕ್ ಇರಲೇಬೇಕು. ಅದಲ್ಲದೆ ಹೈಡ್ರೋಜನ್ ಮಾಡುವ ಅಪಕರ್ಷಣ ಸುತ್ತಲಿನ ಬಿಸಿಯನ್ನು ನುಂಗುತ್ತದೆ. ಹೆಚ್ಚು ಊದಿದಷ್ಟೂ ಕುಲುಮೆ ತಣ್ಣಗಾಗುತ್ತದೆ.

ಇನ್ನು ಅಳತೆಯ ಪ್ರಶ್ನೆ. 430 ಕಿಲೋ ಆಮ್ಲಜನಕ ಕಳೆಯಲು ಸುಮಾರು 54 ಕಿಲೋ ಹೈಡ್ರೋಜನ್ ಸಾಕು. ಕೇಳಲು ಸಣ್ಣ ಸಂಖ್ಯೆ. ನೀರನ್ನು ವಿದ್ಯುತ್ತಿನಿಂದ ಒಡೆದು ಒಂದು ಕಿಲೋ ಹೈಡ್ರೋಜನ್ ಪಡೆಯಲು 50ರಿಂದ 55 ಯೂನಿಟ್ ಬೇಕು. ಅಲ್ಲಿಗೆ ಒಂದು ಟನ್ ಕಬ್ಬಿಣಕ್ಕೆ 2,800 ಯೂನಿಟ್ ಆಸುಪಾಸು. ಅದನ್ನು ಕರಗಿಸುವ ಖರ್ಚು ಇದರಲ್ಲಿ ಸೇರಿಲ್ಲ. ವರ್ಷಕ್ಕೆ ಒಂದು ಕೋಟಿ ಟನ್ ಎಂದರೆ 2,800 ಕೋಟಿ ಯೂನಿಟ್. 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ವರ್ಷದ ಎಲ್ಲ ದಿನ, ದಿನದ ಎಲ್ಲ ಗಂಟೆ ಪೂರ್ತಿ ಸಾಮರ್ಥ್ಯದಲ್ಲಿ ತಿರುಗಿದರೂ ಹುಟ್ಟುವುದು 907 ಕೋಟಿ ಯೂನಿಟ್. ಅಂಥವು ಮೂರು ಬೇಕು, ಒಂದೇ ಒಂದು ಕಾರ್ಖಾನೆಗೆ. ಅದೂ ಸೂರ್ಯ ಮುಳುಗಿದ ಮೇಲೂ ಬರುವ ವಿದ್ಯುತ್ ಆಗಬೇಕು. ಹಾಗೆ ರಾತ್ರಿಗೆ ವಿದ್ಯುತ್ ಕೂಡಿಡುವ ಹೆಸರಿನಲ್ಲೇ ಶರಾವತಿ ಕಣಿವೆಯಲ್ಲಿ ನೀರನ್ನು ಮೇಲೆತ್ತಿ ಇಟ್ಟು ಬೇಕಾದಾಗ ಇಳಿಸಿ ವಿದ್ಯುತ್ ತೆಗೆಯುವ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಬಂದಿದೆ, ಅಲ್ಲಿನ ಜನ ಅದನ್ನು ವಿರೋಧಿಸುತ್ತಿದ್ದಾರೆ. ದೂಧಸಾಗರದ ಕಾಡು ಉಳಿಸಲು ಹೊರಟು ಶರಾವತಿಯ ಸಿಂಗಳೀಕಗಳ ಕಾಡನ್ನು ಕಳೆದುಕೊಳ್ಳುವುದು ನನಗಂತೂ ಒಪ್ಪಿಗೆಯಿಲ್ಲ. ವಿದ್ಯುತ್ತನ್ನು ಎಲ್ಲಿಂದ, ಯಾವ ನೆಲದಿಂದ ತರುತ್ತೀರಿ ಎಂಬ ಪ್ರಶ್ನೆಯನ್ನು ಹಸಿರು ಉಕ್ಕಿನ ಪ್ರತಿ ಘೋಷಣೆಗೂ ಕೇಳಬೇಕು.

ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಯ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಸೌರ, ಪವನದಂಥ ವಿದ್ಯುತ್ತಿನಿಂದ ಮಾಡಿದ್ದೇ ಹಸಿರು ಹೈಡ್ರೋಜನ್. ಅದೇ ವರ್ಷ ತೋರಣಗಲ್ಲಿನ ಕಾರ್ಖಾನೆಗೆ ವರ್ಷಕ್ಕೆ 3,800 ಟನ್ ಹಸಿರು ಹೈಡ್ರೋಜನ್ ಒದಗಿಸುವ ಒಪ್ಪಂದವೂ ಆಯಿತು. ಇದು ಬಹಳ ಒಳ್ಳೆಯ ಆರಂಭ. ಅಷ್ಟು ಹೈಡ್ರೋಜನ್ ಎಷ್ಟು ಕಬ್ಬಿಣಕ್ಕೆ ಸಾಕು ಎಂದು ಮೇಲಿನ ಲೆಕ್ಕದಿಂದಲೇ ಹೇಳಬಹುದು: ಸುಮಾರು 70,000 ಟನ್. ಒಂದು ಕೋಟಿ ಟನ್‌ಗೆ ಹೋಲಿಸಿದರೆ ನೂರಕ್ಕೆ ಒಂದು ಪಾಲೂ ಆಗಲಿಲ್ಲ. ಈ ಅಂತರ ತುಂಬುವವರೆಗೆ ವಾಸ್ಕೋದ ಹಳಿಯ ಮೇಲೆ ರೇಕ್ ಓಡುತ್ತಲೇ ಇರುತ್ತದೆ ಎಂಬುದನ್ನು ಪ್ರಾಮಾಣಿಕವಾಗಿ ಜನರ ಮುಂದೆ ಹೇಳಬೇಕು.

ಇಲ್ಲಿ ಗೋವಾದ ಅದಿರಿನ ಕಥೆಯೂ ಬಂದು ಸೇರುತ್ತದೆ. ಮಾಂಡೋವಿ, ಜುವಾರಿ ನದಿಗಳಲ್ಲಿ ಬಾರ್ಜ್‌ಗಳು ಕೆಂಪು ಅದಿರನ್ನು ಇದೇ ಮರ್ಮಗೋವಾಕ್ಕೆ ತಂದು, ಮೊದಲು ಜಪಾನಿಗೆ, ಆಮೇಲೆ ಚೀನಾಕ್ಕೆ ಕಳಿಸಿದ ಕಾಲ ಹೆಚ್ಚು ಹಿಂದಿನದಲ್ಲ. 2012ರಲ್ಲಿ ಗಣಿಗಾರಿಕೆ ನಿಂತಿತು; 2014ರಲ್ಲಿ ಸುಪ್ರೀಂ ಕೋರ್ಟ್ ವರ್ಷಕ್ಕೆ ಎರಡು ಕೋಟಿ ಟನ್ ಮಿತಿ ಹಾಕಿ ಬಿಟ್ಟುಕೊಟ್ಟಿತು; 2018ರ ಫೆಬ್ರುವರಿಯಲ್ಲಿ 88 ಗುತ್ತಿಗೆಗಳ ನವೀಕರಣವನ್ನು ರದ್ದು ಮಾಡಿತು. 2022ರ ಕೊನೆಯಿಂದ ಹೊಸ ಹರಾಜು ಶುರುವಾಗಿ ಈಗ ಗಣಿಗಳು ಒಂದೊಂದಾಗಿ ಬಾಯಿ ತೆರೆಯುತ್ತಿವೆ. ಲಾರಿ ಇಟ್ಟುಕೊಂಡಿದ್ದ ಎಷ್ಟೋ ಕುಟುಂಬಗಳು ಆ ನಡುವಿನ ವರ್ಷಗಳಲ್ಲಿ ಕಂತು ಕಟ್ಟಲಾಗದೆ ನೆಲಕಚ್ಚಿದವು.

ಗೋವಾದ ಅದಿರಿನಲ್ಲಿ ಕಬ್ಬಿಣದ ಪಾಲು ಕಡಿಮೆ, ಪುಡಿ ಹೆಚ್ಚು, ಸಿಲಿಕಾ ಮತ್ತು ಅಲ್ಯುಮಿನಾ ಹೆಚ್ಚು. ಬಿಚೋಲಿ ತಾಲ್ಲೂಕಿನ ಆಮೋಣೆಯಲ್ಲಿ ಬೀಡು ಕಬ್ಬಿಣದ ಕಾರ್ಖಾನೆ ಇದೆ. ಬೆಳಗಾವಿ, ಕೊಲ್ಲಾಪುರ, ಪುಣೆಯ ಫೌಂಡ್ರಿಗಳು ಪಂಪು, ಮೋಟಾರಿನ ಕವಚ, ವಾಹನಗಳ ಬಿಡಿಭಾಗ ಎರಕ ಹೊಯ್ಯುವುದು ಇಂಥ ಬೀಡಿನಿಂದಲೇ. ಅಲ್ಯುಮಿನಾ ಹೆಚ್ಚಾದರೆ ಕುಲುಮೆಯ ಕಿಟ್ಟ ಆರಿದ ರಾಗಿ ಅಂಬಲಿಯ ಹಾಗೆ ಮಂದವಾಗುತ್ತದೆ, ಸರಾಗವಾಗಿ ಹರಿಯುವುದಿಲ್ಲ. ಅದನ್ನು ತೆಳುವಾಗಿಸಲು ಕುಲುಮೆಯನ್ನು ಇನ್ನಷ್ಟು ಕಾಯಿಸಬೇಕು, ಅಂದರೆ ಇನ್ನಷ್ಟು ಕೋಕ್. ಕಳಪೆ ಅದಿರಿಗೂ ಕಲ್ಲಿದ್ದಲಿನ ರೇಕ್‌ಗೂ ಇರುವ ನಂಟು ಇದು. ಅದಿರನ್ನು ಗಣಿಯ ಬಾಯಲ್ಲೇ ಚೆನ್ನಾಗಿ ತೊಳೆದು, ಅರೆದು, ಬೇರ್ಪಡಿಸಿ, ಸಣ್ಣ ಉಂಡೆ (ಪೆಲೆಟ್) ಮಾಡಿ ಕೊಟ್ಟರೆ ಪ್ರತಿ ಟನ್‌ಗೂ ಕೋಕ್ ಉಳಿಯುತ್ತದೆ. ಇದು ನಾಳಿನ ತಂತ್ರಜ್ಞಾನವಲ್ಲ, ಇವತ್ತೇ ಕೈಯಲ್ಲಿರುವುದು.

ಹೈಡ್ರೋಜನ್ ದಾರಿಗೆ ಈ ವಿಷಯ ಇನ್ನೂ ಮುಖ್ಯ. ಊದುಕುಲುಮೆಯಲ್ಲಿ ಅದಿರಿನ ಮಣ್ಣೆಲ್ಲ ಕರಗಿ ಕಿಟ್ಟವಾಗಿ ಬೇರೆಯಾಗುತ್ತದೆ. ಸ್ಪಾಂಜ್ ಐರನ್‌ನಲ್ಲಿ ಏನೂ ಕರಗುವುದಿಲ್ಲವಾದ್ದರಿಂದ ಆ ಮಣ್ಣು ಅಲ್ಲೇ ಉಳಿದು ಮುಂದಿನ ವಿದ್ಯುತ್ ಕುಲುಮೆಗೆ ಹೊರೆಯಾಗುತ್ತದೆ. ಹಾಗಾಗಿ ಈ ದಾರಿಗೆ ಶೇ 67ರಷ್ಟು ಕಬ್ಬಿಣವಿರುವ ಉತ್ಕೃಷ್ಟ ಪೆಲೆಟ್ ಬೇಕೆನ್ನುತ್ತಾರೆ. ಗೋವಾದಲ್ಲೂ ಬಳ್ಳಾರಿ–ಸಂಡೂರಿನಲ್ಲೂ ನೆಲದಿಂದ ನೇರ ಅಂಥ ಅದಿರು ಸಿಗುವುದು ಅಪರೂಪ. ಅದಿರು ಶುದ್ಧೀಕರಣಕ್ಕೆ ನೀರು, ವಿದ್ಯುತ್, ಮತ್ತು ಉಳಿದ ಕೆಸರನ್ನು ಹಳ್ಳಕ್ಕೆ ಬಿಡದೆ ಇಡುವ ವ್ಯವಸ್ಥೆ ಬೇಕು. ಮಳೆಗಾಲದಲ್ಲಿ ಗಣಿಯ ಕೆಂಪು ಹೂಳು ಗದ್ದೆಗೆ ನುಗ್ಗಿದ್ದನ್ನು ಕಂಡ ಬಿಚೋಲಿ, ಸತ್ತರಿಯ ರೈತರಿಗೆ ಈ ಭರವಸೆಯನ್ನು ಮೊದಲು ಕೊಡಬೇಕಾಗುತ್ತದೆ.

ಹಳೆಯ ಕಬ್ಬಿಣವನ್ನೇ ಕರಗಿಸುವುದಾದರೆ ಈ ಯಾವ ತಾಪತ್ರಯವೂ ಇಲ್ಲ, ಆಮ್ಲಜನಕವನ್ನು ಒಮ್ಮೆ ಕಳೆದಾಗಿದೆ. ಗುಜರಿಯಿಂದ ಉಕ್ಕು ಮಾಡಲು ಕೋಕ್ ಬೇಡ. ಆದರೆ ಇನ್ನೂ ಕಟ್ಟುತ್ತಿರುವ ದೇಶದಲ್ಲಿ ಗುಜರಿ ಕಡಿಮೆ. ನಮ್ಮ ಸೇತುವೆ, ಮೆಟ್ರೊ, ಮನೆಗಳ ಕಬ್ಬಿಣ ಗುಜರಿಗೆ ಬರಲು ಇನ್ನೂ ದಶಕಗಳು ಬೇಕು.

ಮನೆ ಮುಂದೆ ಧೂಳು ಇರುವವರಿಗೆ ದಶಕಗಳ ಮಾತು ಸಮಾಧಾನ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಬಂದರಿನಲ್ಲಿ ಕಲ್ಲಿದ್ದಲಿನ ರಾಶಿಯನ್ನು ಪೂರ್ತಿ ಮುಚ್ಚಿದ ಶೆಡ್‌ನಲ್ಲಿಡುವುದು, ಕನ್ವೇಯರ್‌ಗೆ ಹೊದಿಕೆ, ತುಂಬಿದ ವ್ಯಾಗನ್‌ಗೆ ಮುಚ್ಚಳ, ಗಾಳಿ ಬೀಸುವ ಹೊತ್ತಿನಲ್ಲಿ ಇಳಿಸುವುದನ್ನು ನಿಲ್ಲಿಸುವುದು, ಸಡಾ ಮತ್ತು ಬೈನಾದಲ್ಲಿ ಗಾಳಿಯ ಗುಣಮಟ್ಟವನ್ನು ಎಲ್ಲರ ಕಣ್ಣಿಗೆ ಕಾಣುವಂತೆ ಪ್ರಕಟಿಸುವುದು: ಇವೆಲ್ಲ ಇವತ್ತೇ ಆಗಬೇಕಾದ ಕೆಲಸ. ಉಸಿರಿನೊಳಗೆ ಹೋಗುವ ಪಿಎಂ 10 ಕಣಗಳಿಗೆ ರಾಷ್ಟ್ರೀಯ ಮಾನದಂಡ ಒಂದು ಘನ ಮೀಟರ್ ಗಾಳಿಯಲ್ಲಿ ದಿನದ ಸರಾಸರಿ 100 ಮೈಕ್ರೋಗ್ರಾಂ, ವರ್ಷದ ಸರಾಸರಿ 60. ಈ ಮಿತಿಯೊಳಗೆ ಉಸಿರಾಡುವುದು ಶೀಟಿನ ಮನೆಯ ಮಗುವಿಗೂ ಇರುವ ಹಕ್ಕು. ಅಹವಾಲು ಸಭೆಯ ಕಾಗದಗಳು ಕನ್ನಡದಲ್ಲಿ ಸಿಕ್ಕರೆ ನಮ್ಮವರು ಇನ್ನೂ ಹೆಚ್ಚು ಧೈರ್ಯದಿಂದ ಮಾತಾಡುತ್ತಾರೆ. ಈಗ ಬಹಳಷ್ಟು ಮಂದಿ ಬಾಡಿಗೆ ಮನೆ, ದಿನಗೂಲಿ, ‘ಹೊರಗಿನವರು’ ಎಂಬ ಮಾತಿಗೆ ಅಂಜಿ ಹಿಂದೆ ನಿಲ್ಲುತ್ತಾರೆ.

ಇಲ್ಲಿ ಬೇಡ, ಬೇರೆ ಬಂದರಿಗೆ ಒಯ್ಯಲಿ ಎಂಬುದು ಗೋವಾದಲ್ಲಿ ಆಗಾಗ ಕೇಳುವ ಮಾತು. ಕೋಪ ನ್ಯಾಯವಾದದ್ದು. ಆದರೆ ಆ ಬೇರೆ ಬಂದರು ಎಂದರೆ ಯಾವುದು? ಗೋವಾದ ಗಡಿ ದಾಟಿ ಕಾರವಾರ ಕಳೆದರೆ ಅಂಕೋಲಾದ ಕೇಣಿ ಸಿಗುತ್ತದೆ. ಅಲ್ಲಿ ವರ್ಷಕ್ಕೆ ಮೂರು ಕೋಟಿ ಟನ್ ಸಾಮರ್ಥ್ಯದ ಹೊಸ ಬಂದರಿನ ಪ್ರಸ್ತಾವವಿದೆ, ಮೀನುಗಾರರು ಬೀದಿಗಿಳಿದಿದ್ದಾರೆ. ಬೈನಾದ ಕನ್ನಡಿಗನ ಕಿಟಕಿಯ ಧೂಳು ಕೇಣಿಯ ಕನ್ನಡಿಗನ ಬಲೆಯ ಮೇಲೆ ಬಿದ್ದರೆ ಸಮಸ್ಯೆ ಬಗೆಹರಿಯಿತು ಎಂದು ಯಾರೂ ಹೇಳಲಾರರು. ಕುಲುಮೆ ಬೇಡುವ ಇಂಗಾಲ ಅಷ್ಟೇ ಇದ್ದರೆ ಅದು ಇಳಿಯುವ ಜಾಗ ಮಾತ್ರ ಬದಲಾಗುತ್ತದೆ.

ಆದ್ದರಿಂದ ನಿಜವಾದ ತೀರ್ಮಾನ ಆಗುವುದು ಹೊಸ ಕುಲುಮೆ ಕಟ್ಟುವ ದಿನ. 2017ರ ರಾಷ್ಟ್ರೀಯ ಉಕ್ಕು ನೀತಿ 2030–31ರ ಹೊತ್ತಿಗೆ 30 ಕೋಟಿ ಟನ್ ಸಾಮರ್ಥ್ಯದ ಗುರಿ ಇಟ್ಟಿದೆ. ಇದರ ದೊಡ್ಡ ಪಾಲು ಊದುಕುಲುಮೆಗಳಿಂದಲೇ ಬರಲಿದೆ. ಒಂದು ಊದುಕುಲುಮೆಯ ಒಳಗಿನ ಇಟ್ಟಿಗೆ ಸವೆದು ಬದಲಿಸುವ ಹೊತ್ತಿಗೆ ಹದಿನೈದು ಇಪ್ಪತ್ತು ವರ್ಷ ಕಳೆದಿರುತ್ತದೆ. ಅಲ್ಲಿಯವರೆಗೆ ಅದನ್ನು ಆರಿಸುವ ಮಾತೇ ಇಲ್ಲ. ಇಂದು ಮಂಜೂರಾದ ಪ್ರತಿ ಕುಲುಮೆಯೂ 2045ರವರೆಗಿನ ಕಲ್ಲಿದ್ದಲಿನ ಬೇಡಿಕೆ ಪತ್ರ. ಅತ್ತ ಯುರೋಪ್ 2026ರ ಜನವರಿ 1ರಿಂದ ಗಡಿ ಇಂಗಾಲ ಶುಲ್ಕದ ನಿಯಮವನ್ನು ಪೂರ್ಣರೂಪದಲ್ಲಿ ಜಾರಿಗೆ ತಂದಿದೆ, ಹೊಗೆ ಹೆಚ್ಚಿನ ಉಕ್ಕು ಅಲ್ಲಿ ದುಬಾರಿಯಾಗಲಿದೆ. ಇತ್ತ ನಮ್ಮ ಉಕ್ಕು ಸಚಿವಾಲಯ 2024ರ ಡಿಸೆಂಬರ್‌ನಲ್ಲಿ ಹಸಿರು ಉಕ್ಕಿನ ವ್ಯಾಖ್ಯೆ ಪ್ರಕಟಿಸಿ, ಟನ್‌ಗೆ 2.2 ಟನ್‌ಗಿಂತ ಕಡಿಮೆ ಇಂಗಾಲದ ಡೈಆಕ್ಸೈಡ್ ಎಂಬ ಗೆರೆ ಎಳೆದಿದೆ. ಅದರಲ್ಲಿ ಅತ್ಯುತ್ತಮ ದರ್ಜೆಯಾದ ಐದು ನಕ್ಷತ್ರ ಬೇಕಿದ್ದರೆ 1.6ಕ್ಕಿಂತ ಕೆಳಗಿಳಿಯಬೇಕು. ಸಾಧಾರಣ ಊದುಕುಲುಮೆಯಿಂದ ಅದು ಆಗದ ಕೆಲಸ. ಸರ್ಕಾರಿ ಕಾಮಗಾರಿಗಳಿಗೆ ಕೊಳ್ಳುವ ಉಕ್ಕಿನಲ್ಲಿ ಒಂದು ಪಾಲಾದರೂ ಈ ನಕ್ಷತ್ರಗಳಿರುವುದು ಆಗಿರಬೇಕೆಂದು ಕಡ್ಡಾಯ ಮಾಡಿದರೆ ಹೈಡ್ರೋಜನ್ ದಾರಿಗೆ ಮೊದಲ ಗಿರಾಕಿ ಸಿಕ್ಕಂತಾಗುತ್ತದೆ.

ಇಂದು ಬಂದರಿನ ಪರಿಸರ ವರದಿ ಒಂದು ಕಡೆ, ರೈಲು ಹಳಿಯದ್ದು ಇನ್ನೊಂದು ಕಡೆ, ಕಾರ್ಖಾನೆ ವಿಸ್ತರಣೆಯದ್ದು ಮತ್ತೊಂದು ರಾಜ್ಯದಲ್ಲಿ, ಮತ್ತೊಂದು ಜಿಲ್ಲಾಧಿಕಾರಿಯ ಮುಂದೆ ಬರುತ್ತದೆ. ವಾಸ್ಕೋದವರಿಗೆ ತೋರಣಗಲ್ಲಿನ ವರದಿ ಸಿಗುವುದಿಲ್ಲ, ತೋರಣಗಲ್ಲಿನವರಿಗೆ ವಾಸ್ಕೋದ ಧೂಳು ಕಾಣುವುದಿಲ್ಲ. ಈ ಮೂರನ್ನೂ ಒಟ್ಟಿಗೆ ಇಟ್ಟು ಅಹವಾಲು ಕೇಳಬೇಕೆಂದು ಒತ್ತಾಯಿಸಲು ಎರಡೂ ತುದಿಯ ಭಾಷೆ ಬಲ್ಲ ನಮಗಿಂತ ಯೋಗ್ಯರು ಯಾರಿದ್ದಾರೆ? ಸಭೆಯಲ್ಲಿ ಎದ್ದು ನಿಂತಾಗ ಶೆಡ್ ಯಾವಾಗ ಕಟ್ಟುತ್ತೀರಿ ಎಂದು ಖಂಡಿತ ಕೇಳೋಣ. ಜೊತೆಗೆ ಈ ಪ್ರಶ್ನೆಗಳನ್ನೂ ಕೇಳೋಣ: ಈ ಕಲ್ಲಿದ್ದಲು ಯಾವ ಕುಲುಮೆಗೆ, ಆ ಕುಲುಮೆಯ ಇಟ್ಟಿಗೆ ಬದಲಿಸುವ ವರ್ಷ ಯಾವುದು, ಆ ವರ್ಷ ಅದನ್ನು ಮತ್ತೆ ಕೋಕ್‌ಗೇ ಕಟ್ಟುತ್ತೀರೋ ಅಥವಾ ಬೇರೆ ದಾರಿಗೆ ಹೊರಳುತ್ತೀರೋ, ಅದಕ್ಕೆ ಬೇಕಾದ ವಿದ್ಯುತ್ ಮತ್ತು ಅದಿರಿನ ತಯಾರಿ ಎಲ್ಲಿಗೆ ಬಂದಿದೆ? ಉತ್ತರ ಲಿಖಿತವಾಗಿರಲಿ, ಕೊಂಕಣಿಯಲ್ಲೂ ಕನ್ನಡದಲ್ಲೂ ಇರಲಿ.